ಆರ್ವಿಡ್ ಮೇಷ್ಟರ ವಾಲಿದ ಪೆಟ್ಟಿಗೆಗಳು

ಸುಳ್ಳು ಹೇಳಿ ಕೆಟ್ಟವರನ್ನು ಯಾವ ಊರಿನಲ್ಲಿ ಬೇಕಾದರೂ ತೋರಿಸಬಹುದು. ನಿಜ ಹೇಳಿ, ಅದನ್ನೂ ಮೈಕ್ ಹಿಡಿದು ಹೇಳಿ ಕೆಟ್ಟವನನ್ನು ನೋಡಬೇಕಾದರೆ ಮಿನ್ನೆಸೋಟದ ನಮ್ಮ ನಾರ್ಬಿಗೇ ಬರಬೇಕು. ಅವನು ನನ್ನ ಪಕ್ಕದ ಮನೆಯ ಆರ್ವಿಡ್ ಸೋಲ್ಬರ್ಗ್. ನಾರ್ಬಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂಗೋಳ ಹೇಳಿಕೊಡುವ ಮೇಷ್ಟರು. ಒಮ್ಮೆ ತನ್ನ ಕಾರೆಂದು ತಿಳಿದು ಪಾದ್ರಿಯ ಕಾರಿನಲ್ಲಿ ಕೂತು, ಕೀಲಿ ತಿರುಗುತ್ತಿಲ್ಲವೆಂದು ಅರ್ಧ ಗಂಟೆ ಕಾರು ಮಾಡಿದ ಕಂಪನಿಯನ್ನು ಬೈದವನು. ಪಾದ್ರಿ ಬಂದು ಕಿಟಕಿ ತಟ್ಟಿದಾಗ "ನಿಮ್ಮನ್ನೂ ಎಲ್ಲಿಗಾದ್ರೂ ಬಿಡಬೇಕಾ?" ಎಂದು ಕೇಳಿದನಂತೆ.

ಅದೇ ಕಾಲೇಜಿನ ಗ್ರಂಥಾಲಯ ನನ್ನ ಸುಪರ್ದಿನಲ್ಲಿದೆ. ಆದ್ದರಿಂದ ಈ ಪ್ರಕರಣದಲ್ಲಿ ನನ್ನ ಪಾತ್ರವೂ ಇದೆ. ಅದು ಹೆಮ್ಮೆಪಡುವಂಥ ಪಾತ್ರವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಹೊಲದ ಮನೆಗಳಿಗೆ ಬರುವ ಕಾಗದ ಹಾಕುವ ಅಂಚೆಪೆಟ್ಟಿಗೆಗಳು ರಸ್ತೆಯಂಚಿನಲ್ಲಿ ಒಂದೊಂದು ಕಂಬದ ಮೇಲೆ ಕೂತಿರುತ್ತವೆ. ಅವುಗಳಲ್ಲಿ ಒಂದಾದರೂ ನೆಟ್ಟಗೆ ನಿಂತದ್ದಿಲ್ಲ. ಎಲ್ಲವೂ ಆಗ್ನೇಯಕ್ಕೆ ವಾಲಿವೆ. ಇದಕ್ಕೆ ಕಾರಣ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಮರ್ಲ್ ಎಂದು ಊರು ಮೂವತ್ತು ವರ್ಷಗಳಿಂದ ತೀರ್ಪು ಕೊಟ್ಟಾಗಿತ್ತು. ಮರ್ಲ್ ಎಲ್ಲಿ ಕಾಫಿಗೆ ಕೂತರೂ "ಏನಪ್ಪಾ, ಇವತ್ತು ಎಷ್ಟು ಉರುಳಿಸ್ದೆ?" ಎಂದು ಕೇಳುವುದು ಊರಿನ ಕುಶಲೋಪರಿಯಾಗಿತ್ತು. ಆರ್ವಿಡ್ ಇದನ್ನು ಒಪ್ಪಲಿಲ್ಲ. ಆರು ಚಳಿಗಾಲ ಅಳತೆಪಟ್ಟಿ ಹಿಡಿದು ಚರಂಡಿ ಚರಂಡಿ ಇಳಿದು, ನಾನೂರ ಹನ್ನೆರಡು ಪೆಟ್ಟಿಗೆಗಳ ಓರೆಯನ್ನು ಅಳೆದ. ನೆಲ ಹೆಪ್ಪುಗಟ್ಟಿ ಉಬ್ಬುವಾಗ ಕಂಬದ ಬುಡ ಸಡಿಲವಾಗುತ್ತದೆ, ಆಗ ವಾಯವ್ಯದಿಂದ ಬೀಸುವ ಗಾಳಿ ಅದನ್ನು ಇಷ್ಟಿಷ್ಟೇ ಒತ್ತುತ್ತದೆ, ಲಾರಿಯ ತಪ್ಪೇನೂ ಇಲ್ಲ ಎಂದು ಮೂವತ್ತೆಂಟು ಪುಟಗಳ ಲೇಖನ ಬರೆದ. ಅದನ್ನೊಂದು ಸಂಶೋಧನ ಪತ್ರಿಕೆಗೆ ಕಳಿಸಿ ಎರಡು ವರ್ಷವಾಗಿತ್ತು. ಹೂಂ ಇಲ್ಲ, ಊಹೂಂ ಇಲ್ಲ. ಈ ಲೇಖನ ಒಪ್ಪಿತವಾದರೆ ಮಾತ್ರ ಆರ್ವಿಡ್‌ಗೆ ಪೂರ್ಣ ಪ್ರಾಧ್ಯಾಪಕನ ಪದವಿ. ಆ ಒಪ್ಪಿಗೆಯನ್ನು ಅವನಷ್ಟೇ ಕಾತರದಿಂದ ಕಾಯುತ್ತಿದ್ದವನು ಮರ್ಲ್.

ಆ ಫೆಬ್ರವರಿಯಲ್ಲಿ ನಮ್ಮ ಡೀನ್ ಕಾರ್ಲಾ ವೆಂಡ್ಟ್ ಕಾಲೇಜಿಗೆ ಒಂದು ಹೊಸ ತಂತ್ರಾಂಶ ತರಿಸಿದರು. ಯಾರ ಬರಹವನ್ನಾದರೂ ಅದಕ್ಕೆ ಉಣಿಸಿದರೆ, ಲೋಕದಲ್ಲಿ ಅಚ್ಚಾದುದಕ್ಕೆಲ್ಲ ಹೋಲಿಸಿ, ಇದರಲ್ಲಿ ಇಷ್ಟು ಶೇಕಡಾ ಬೇರೆಯವರದು ಎಂದು ಕೆಂಪಕ್ಷರದಲ್ಲಿ ಹೇಳುತ್ತದೆ. ಉದ್ಘಾಟನೆಗೆ ಕಾಲೇಜಿನ ಆಡಳಿತ ಮಂಡಳಿ, ಊರಿನ ವಾರಪತ್ರಿಕೆಯವರು, ಚರ್ಚಿನ ಮಹಿಳಾ ಸಂಘ ಎಲ್ಲರೂ ಬಂದಿದ್ದರು. ಯಾರಾದರೂ ತಮ್ಮ ಲೇಖನ ಕೊಡುತ್ತೀರಾ ಎಂದು ಡೀನ್ ಕೇಳಿದಾಗ ಇತಿಹಾಸದವರು ಕಿಟಕಿ ನೋಡಿದರು, ಸಮಾಜಶಾಸ್ತ್ರದವರು ಬೂಟಿನ ದಾರ ಕಟ್ಟಿಕೊಂಡರು. ಆರ್ವಿಡ್ ಎದ್ದು ನಿಂತ. ಎದ್ದು ನಿಂತಿದ್ದರೆ ಸಾಕಿತ್ತು. ಮೈಕ್ ಇಸಿದುಕೊಂಡು ಹೇಳಿದ:

"ನನ್ನ ಲೇಖನ ಹಾಕಿ ಡೀನ್ ಮೇಡಂ. ಸೊನ್ನೆ ಬರುತ್ತೆ. ಇದರಲ್ಲಿ ಇರೋದನ್ನ ಭೂಮಿ ಮೇಲೆ ಇನ್ನೊಬ್ಬ ಬರೆದಿದ್ರೆ ನಾನು ಈ ಟೈ ತಿಂತೀನಿ."

ಯಂತ್ರ ಒಂದು ನಿಮಿಷ ಯೋಚಿಸಿತು. ಗೋಡೆಯ ಮೇಲೆ, ಬಾಗಿಲಿನಷ್ಟು ಎತ್ತರದ ಅಂಕಿಯಲ್ಲಿ, ತೊಂಬತ್ತೊಂದು ಎಂದು ಮೂಡಿತು. ಕೆಳಗೆ, ಇದರ ಮೂಲ ಲೇಖಕ ಫ್ಲಾರಿಡಾದ ಯಾವುದೋ ಕಾಲೇಜಿನ ಡಾಕ್ಟರ್ ಬ್ರಾಂಟ್ಲಿ, ಪ್ರಕಟವಾದದ್ದು ಕಳೆದ ವರ್ಷ, ಎಂದು ಇತ್ತು.

ಮಹಿಳಾ ಸಂಘದ ಒಬ್ಬಾಕೆ ಮೆಲ್ಲನೆ ಪಕ್ಕದವಳನ್ನು, ತೊಂಬತ್ತೊಂದು ಬಂದರೆ ಪಾಸಲ್ಲವೇ ಎಂದು ಕೇಳಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಆರ್ವಿಡ್ ತನ್ನ ಟೈಯನ್ನೇ ನೋಡಿಕೊಂಡ. ಡೀನ್ ಅವನ ಕೈಯಿಂದ ಮೈಕನ್ನು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವಷ್ಟು ಜೋಪಾನವಾಗಿ ತೆಗೆದುಕೊಂಡರು.

ಗುರುವಾರದ ವಾರಪತ್ರಿಕೆಯ ತಲೆಬರಹ 'ನಮ್ಮ ಪ್ರೊಫೆಸರ್ ಶೇಕಡಾ ಒಂಬತ್ತು ಪ್ರಾಮಾಣಿಕ' ಎಂದಿತ್ತು.

ನಾರ್ಬಿಯವರು ಕೆಟ್ಟವರಲ್ಲ. ಯಾರಿಗೆ ಕಷ್ಟ ಬಂದರೂ ಆಲೂಗಡ್ಡೆ, ಕೊಚ್ಚಿದ ಮಾಂಸ, ಚೀಸ್ ಎಲ್ಲ ಸೇರಿಸಿ ಬೇಯಿಸಿದ ಹಾಟ್‌ಡಿಶ್ ತಟ್ಟೆ ತಂದುಕೊಡುವುದು ಇಲ್ಲಿನ ಪದ್ಧತಿ. ಸಾವಿಗೂ ಅದೇ, ಬಾಣಂತನಕ್ಕೂ ಅದೇ. ಕಳ್ಳತನಕ್ಕೆ ಏನು ಕೊಡಬೇಕು ಎಂಬ ಪದ್ಧತಿ ಇಲ್ಲದ್ದರಿಂದ ಎಲ್ಲರೂ ಅದನ್ನೇ ತಂದರು. ಮೂರು ದಿನಗಳಲ್ಲಿ ಆರ್ವಿಡ್ ಮನೆಯಲ್ಲಿ ಹದಿನಾಲ್ಕು ತಟ್ಟೆಗಳಾದವು. ಕೊಡುವಾಗ ಪ್ರತಿಯೊಬ್ಬರೂ, ನಮ್ಮಲ್ಲೂ ಇಂಥವರು ಇದ್ದರು, ಆಮೇಲೆ ಸರಿಹೋದರು ಎಂದು ಸಮಾಧಾನ ಹೇಳಿದರು. ಭಾನುವಾರ ಪಾದ್ರಿಗಳು 'ಕದಿಯಬಾರದು' ಎಂಬ ಆಜ್ಞೆಯ ಮೇಲೆ ಉಪದೇಶ ಮಾಡಿದರು. ಇದು ಯಾರನ್ನೂ ಕುರಿತದ್ದಲ್ಲ ಎಂದು ಮೂರು ಸಲ ಹೇಳಿ, ಮೂರು ಸಲವೂ ಆರ್ವಿಡ್ ಕೂತ ಬೆಂಚನ್ನೇ ನೋಡಿದರು. ಆರ್ವಿಡ್‌ನ ಅತ್ತೆ ಆರ್ಡಿಸ್, ಎಂಬತ್ತೊಂದರ ಹೆಂಗಸು, ಚರ್ಚಿನ ಮೆಟ್ಟಿಲಲ್ಲೇ ಅಳಿಯನನ್ನು ಹಿಡಿದಳು.

"ಕದಿಯೋದೇ ಆಗಿದ್ರೆ ಬೇರೇನೂ ಸಿಗಲಿಲ್ವಾ ನಿಂಗೆ? ಅಂಚೆಪೆಟ್ಟಿಗೆ ವಿಷಯ ಕದಿತಾರಾ ಯಾರಾದ್ರೂ?"

ಆರ್ವಿಡ್‌ನ ಪರವಾಗಿ ನಿಂತವನು ಮರ್ಲ್ ಒಬ್ಬನೇ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಕಾಫಿ ಅಂಗಡಿಯಲ್ಲಿ, ಎಲ್ಲೆಲ್ಲಿ ನಾಲ್ಕು ಜನ ಸೇರಿದರೋ ಅಲ್ಲೆಲ್ಲ ಅವನು ವಾದ ಹೂಡಿದ. ಕದ್ದದ್ದಾದರೇನು, ನಿಜ ನಿಜವೇ ತಾನೇ, ನನ್ನ ಲಾರಿ ಮುಟ್ಟಿಲ್ಲ ಅಂತ ಫ್ಲಾರಿಡಾದವನೂ ಒಪ್ಪಿದ ಹಾಗಾಯಿತು, ಸಾಕ್ಷಿ ಒಂದಿದ್ದದ್ದು ಎರಡಾಯಿತು ಎಂಬುದು ಅವನ ತರ್ಕ. ಊರಿನವರು, ಕಳ್ಳನ ಸಾಕ್ಷಿ ಹಿಡಿದುಕೊಂಡು ಬಂದಿದ್ದಾನೆ ನೋಡು ಎಂದು ಅವನನ್ನು ಮೊದಲಿಗಿಂತ ಹೆಚ್ಚು ಗೇಲಿ ಮಾಡಿದರು.

ಎಲ್ಲಕ್ಕಿಂತ ಕಷ್ಟ ಆರ್ವಿಡ್‌ನದೇ. ಯಂತ್ರದ ಮೇಲೆ ಅವನಿಗೆ ನನಗಿಂತ ಹೆಚ್ಚು ನಂಬಿಕೆ. ಸೋಮವಾರ ಗ್ರಂಥಾಲಯಕ್ಕೆ ಬಂದು, ನನ್ನ ಮೇಜಿನ ಮುಂದೆ ಕೂತು, ಟೋಪಿ ತಿರುಗಿಸುತ್ತ ಹೇಳಿದ:

"ಓರಿನ್, ನಾನೇ ಕದ್ದಿರಬೇಕು ಕಣೋ. ಎಲ್ಲೋ ಓದಿ, ಮರೆತು, ನಂದೇ ಅಂದ್ಕೊಂಡಿರ್ತೀನಿ. ಪಾದ್ರಿ ಕಾರಲ್ಲಿ ಕೂತ್ಕೊಂಡವನು ಇದನ್ನ ಮಾಡೋದಿಲ್ಲ ಅಂತ ಹೇಗೆ ಹೇಳ್ಲಿ?"

ನೀನು ಆರು ವರ್ಷ ಚರಂಡಿಯಲ್ಲಿ ಇದ್ದದ್ದನ್ನು ನಾನೇ ನೋಡಿದ್ದೇನಲ್ಲ ಎಂದೆ. ಚರಂಡಿಯಲ್ಲಿ ಇದ್ದೆ ನಿಜ, ಆದರೆ ಯೋಚನೆ ಯಾರದು ಎಂದು ಹೇಗೆ ಹೇಳುವುದು ಎಂದ. ಅವನ ಟಿಪ್ಪಣಿ ಪುಸ್ತಕಗಳು ಒಂದು ಸಲ ಕರಗಿದ ಹಿಮದ ನೀರಿಗೆ ಬಿದ್ದು, ಪೆನ್ಸಿಲ್ ಬರಹವೆಲ್ಲ ಮೋಡದಂತಾಗಿತ್ತು. ಪತ್ರಿಕೆಗೆ ಕಳಿಸಿದ ಕಾಗದದ ನಕಲಿತ್ತು. ಅದನ್ನು ಡೀನ್, ಹಳೇ ತಾರೀಕು ಹಾಕಿ ಯಾರು ಬೇಕಾದರೂ ಕಾಗದ ಬರೆಯಬಹುದು ಎಂದು ಬದಿಗಿಟ್ಟಿದ್ದರು. ವಿಚಾರಣೆಗೆ ಮೂವರ ಸಮಿತಿಯನ್ನೂ ಮಾಡಿದ್ದರು: ಅಧ್ಯಕ್ಷರಾಗಿ ತಾವು, ನೀತಿಶಾಸ್ತ್ರ ಹೇಳಿಕೊಡುತ್ತ ಸಭೆಗಳಲ್ಲಿ ನಿದ್ದೆ ಮಾಡುವ ಲೋವೆಲ್, ಮತ್ತು ನಾನು. ತಪ್ಪು ಸಾಬೀತಾದರೆ ಪದವಿಯ ಮಾತು ಬಿಡಿ, ಇದ್ದ ಕೆಲಸವೂ ಹೋಗುವುದಿತ್ತು.

ಇಷ್ಟಾದರೂ ಬ್ರಾಂಟ್ಲಿಯ ಲೇಖನವನ್ನು ಯಾರೂ ಓದಿರಲಿಲ್ಲ. ಅಂಕಿ ಕೈಯಲ್ಲಿರುವಾಗ ಮೂವತ್ತೆಂಟು ಪುಟ ಓದುವ ಮೂರ್ಖತನ ವಿದ್ವಾಂಸರು ಮಾಡುವುದಿಲ್ಲ. ಬುಧವಾರ ನಾನು ಅದನ್ನು ಬೇರೊಂದು ಗ್ರಂಥಾಲಯದಿಂದ ತರಿಸಿ ಓದತೊಡಗಿದೆ. ಮೊದಲನೇ ಪುಟ ಮುಗಿಯುವ ಮುಂಚೆ ನಾನು ನಗು ತಡೆಯಲಾರದೆ ಪುಸ್ತಕದ ಕಪಾಟುಗಳ ಹಿಂದೆ ಹೋಗಿ ನಿಲ್ಲಬೇಕಾಯಿತು.

ಆ ಮಹಾನುಭಾವ ಆರ್ವಿಡ್‌ನ ಲೇಖನವನ್ನು ಹಾಗೆ ಹಾಗೇ ಇಳಿಸಿಕೊಂಡಿದ್ದ. ಆದರೆ ಫ್ಲಾರಿಡಾದಲ್ಲಿ ಹಿಮ ಬೀಳುವುದಿಲ್ಲ ಎಂಬಷ್ಟು ಭೂಗೋಳಜ್ಞಾನ ಅವನಿಗಿತ್ತು. ಅದಕ್ಕೆ ಹಿಮ ಎಂದಿದ್ದ ಕಡೆಯೆಲ್ಲ ಮರಳು ಎಂದೂ, ಚಳಿ ಎಂದಿದ್ದ ಕಡೆಯೆಲ್ಲ ಬಿಸಿಲು ಎಂದೂ ಬದಲಾಯಿಸಿದ್ದ. ಅಷ್ಟೇ. ಉಳಿದದ್ದೆಲ್ಲ ಹಾಗೆಯೇ ಇತ್ತು. 'ಜನವರಿಯಲ್ಲಿ ಒಂದೇ ರಾತ್ರಿಗೆ ಮೂರಡಿ ಮರಳು ಬಿದ್ದು ಶಾಲೆಗಳಿಗೆ ರಜೆ ಸಾರುತ್ತಾರೆ.' 'ಕಡು ಬಿಸಿಲಿಗೆ ನೆಲವು ಹೆಪ್ಪುಗಟ್ಟುತ್ತದೆ.' 'ಏಪ್ರಿಲ್‌ನಲ್ಲಿ ಮರಳು ಕರಗಿ ಹೊಳೆಯಾಗಿ ಹರಿಯುವಾಗ ರೈತರ ಮುಖ ಅರಳುತ್ತದೆ.' ಯಂತ್ರ ಉದಾರವಾಗಿ ಆರ್ವಿಡ್‌ನ ಸ್ವಂತದ್ದೆಂದು ಬಿಟ್ಟುಕೊಟ್ಟ ಒಂಬತ್ತು ಶೇಕಡಾ ಎಂದರೆ ಈ ಹಿಮ ಮತ್ತು ಚಳಿ.

ಆರ್ವಿಡ್‌ನನ್ನು ಕರೆಸಿ ಓದಲು ಕೊಟ್ಟೆ. ಎರಡು ಪುಟ ಓದಿ ತಲೆಯೆತ್ತಿದ.

"ಚೆನ್ನಾಗಿ ಬರೀತಾನೆ ಕಣೋ. ನನ್ನ ಹಾಗೇ ಯೋಚನೆ ಮಾಡ್ತಾನೆ. ಮರಳಿನ ವಿಷಯ ಮಾತ್ರ ನಂಗೆ ಗೊತ್ತಿರಲಿಲ್ಲ."

ಐದನೇ ಪುಟದಲ್ಲಿ ಅವನ ಬೆರಳು ನಿಂತಿತು. ಹದಿನೇಳನೇ ಪೆಟ್ಟಿಗೆ, ನೀಲಿ ಬಣ್ಣ, ಮುಚ್ಚಳದಲ್ಲಿ ಹಕ್ಕಿ ಗೂಡು ಕಟ್ಟಿದೆ, ಮಾಲಕರು ನಮ್ಮ ಮೇಲೆ ನಾಯಿ ಬಿಟ್ಟರು ಎಂದಿತ್ತು. ಆ ನಾಯಿ ಕಚ್ಚಿದ್ದು ನನ್ನ ಬಲಗಾಲಿಗೆ ಎಂದು ಆರ್ವಿಡ್ ಎದ್ದು ನಿಂತ. ಪ್ಯಾಂಟ್ ಮಡಚಿ ಕಲೆ ತೋರಿಸಿದ. ಆಮೇಲೆ ಕೂತು ಅಳುವ ಹಾಗೆ ನಕ್ಕ, ನಗುವ ಹಾಗೆ ಅತ್ತ. ನಾನು ಕಳ್ಳನಲ್ಲ, ನನ್ನನ್ನೇ ಕದ್ದಿದ್ದಾರೆ ಎಂದು ಹತ್ತು ಸಲ ಹೇಳಿದ. ಸಂಶೋಧನ ಪತ್ರಿಕೆಯವರು ಎರಡು ವರ್ಷದ ಹಿಂದೆ ಅಭಿಪ್ರಾಯ ಕೇಳಲೆಂದು ಲೇಖನವನ್ನು ಗುಟ್ಟಾಗಿ ಯಾವನೋ ಪಂಡಿತನಿಗೆ ಕಳಿಸಿರಬೇಕು, ಆ ಪಂಡಿತ ಈ ಬ್ರಾಂಟ್ಲಿಯೇ ಇರಬೇಕು ಎಂದು ನಾವು ಊಹಿಸಿದೆವು. ಆಮೇಲೆ ಗೊತ್ತಾದಂತೆ ಊಹೆ ಸರಿಯಾಗಿಯೇ ಇತ್ತು.

ಆ ಸಂತೋಷದಲ್ಲಿ ನಾನು ಸಮಿತಿಗೆಂದು ಲೇಖನದ ಮೂರು ಪ್ರತಿ ತೆಗೆದೆ. ತೆಗೆದವನು ಕೊನೆಯ ಹಾಳೆಯನ್ನು ನಕಲು ಯಂತ್ರದ ಗಾಜಿನ ಮೇಲೆಯೇ ಮರೆತೆ. ನನ್ನ ಪಾತ್ರ ಎಂದೆನಲ್ಲ, ಅದು ಇದೇ.

ಕೊನೆಯ ಹಾಳೆ ಎಂದರೆ ಕೃತಜ್ಞತೆಯ ಪುಟ. ಸೋಮಾರಿಗಳಲ್ಲಿ ಕುಲತಿಲಕನಾದ ಬ್ರಾಂಟ್ಲಿ ಅದನ್ನೂ ಬಿಟ್ಟಿರಲಿಲ್ಲ. ಮೇಲ್ಗಡೆ ಅವನ ಹೆಸರು. ಕೆಳಗೆ ಹೀಗೆ:

'ಕೊನೆಯದಾಗಿ ಮಾರ್ಡೆಲ್‌ಗೆ. ಆರು ವರ್ಷ ಬಿಸಿಲಿನಲ್ಲಿ, ಮರಳಿನಲ್ಲಿ ಅವಳು ನನ್ನ ಜೊತೆಗಿದ್ದಳು. ನಾನು ಒಂದು ತುದಿ ಹಿಡಿದರೆ ಇನ್ನೊಂದು ತುದಿ ಹಿಡಿದವಳು ಅವಳೇ. ಅವಳು ತಂದ ಕಾಫಿ ಒಮ್ಮೆಯೂ ಆರಿರಲಿಲ್ಲ. ಇದೆಲ್ಲ ಯಾತಕ್ಕೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ.'

ಮಾರ್ಡೆಲ್ ಎಂದರೆ ಆರ್ವಿಡ್‌ನ ಹೆಂಡತಿ. ಶಾಲೆಯ ಬಸ್ಸು ಓಡಿಸುತ್ತಾಳೆ. ಆ ಹೆಸರಿನ ಇನ್ನೊಬ್ಬಳು ನಮ್ಮ ಜಿಲ್ಲೆಯಲ್ಲೇ ಇಲ್ಲ. ಸಾಲದ್ದಕ್ಕೆ, ಎರಡು ವರ್ಷದ ಹಿಂದೆ ಅಕ್ಕನ ಜೊತೆ ಹತ್ತು ದಿನ ಫ್ಲಾರಿಡಾಕ್ಕೆ ಹೋಗಿ, ಮೈಯೆಲ್ಲ ಕೆಂಪಗೆ ಮಾಡಿಕೊಂಡು ಒಂದು ಚೀಲ ಕಿತ್ತಳೆ ತಂದು ಊರಿಗೆಲ್ಲ ಹಂಚಿದ್ದಳು.

ಹಾಳೆ ಮೊದಲು ಸಿಕ್ಕಿದ್ದು ಕಚೇರಿಯ ಡೊರೀನ್‌ಗೆ. ಅವಳು ಅದನ್ನು ಯಾರಿಗೂ ತೋರಿಸಲಿಲ್ಲವಂತೆ, ಓದಿ ಹೇಳಿದಳಂತೆ ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಕಾಫಿ ಅಂಗಡಿಯಲ್ಲಿ, ಅಂದು ನಾವು ತಿಂದ ಕಿತ್ತಳೆ ಯಾರ ತೋಟದ್ದು ಎಂಬ ಚರ್ಚೆ ಎದ್ದಿತ್ತು. ಆರ್ವಿಡ್ ಕಳ್ಳ ಎಂದು ಬೆಳಿಗ್ಗೆ ಬೈದವರೇ ಸಂಜೆ, ಪಾಪ, ಹೆಂಡತಿಯ ಪ್ರಿಯಕರನ ಲೇಖನ ಕದ್ದು ಸೇಡು ತೀರಿಸಿಕೊಂಡಿದ್ದಾನೆ, ಗಂಡಸು ಎಂದರೆ ಹೀಗಿರಬೇಕು ಎಂದರು. ಹೊಸದಾಗಿ ಹಾಟ್‌ಡಿಶ್‌ಗಳು ಬಂದವು. ಈ ಸಲ ಅವುಗಳಲ್ಲಿ ಮಾಂಸ ಹೆಚ್ಚಿತ್ತು.

ಆರ್ಡಿಸ್‌ಗೆ ಸುದ್ದಿ ಮುಟ್ಟಿದ್ದು ಕೂದಲು ಸುರುಳಿ ಮಾಡಿಸುವ ಅಂಗಡಿಯಲ್ಲಿ. ತಲೆಯಲ್ಲಿ ಸುರುಳಿ ಕಡ್ಡಿಗಳಿದ್ದಂತೆಯೇ ಮಗಳ ಮನೆಗೆ ಬಂದಳು. ಮಗಳನ್ನು ಬೈಯಲು ಬಂದಳೆಂದು ನಾವು ಬೇಲಿಯಾಚೆ ಕಿವಿಗೊಟ್ಟು ನಿಂತಿದ್ದರೆ, ಅವಳು ಕೇಳಿದ್ದು ಬೇರೆ.

"ಸಮುದ್ರ ಕಾಣುತ್ತೇನೇ ಅವನ ಮನೆಯಿಂದ? ನಿನ್ನ ತಲೆ ಮೇಲಾಣೆ, ನಾನು ಯಾರಿಗೂ ಹೇಳಲ್ಲ. ನನ್ನ ಮಂಡಿಗೆ ಬಿಸಿಲು ಒಳ್ಳೇದು ಅಂತ ಡಾಕ್ಟ್ರು ಹೇಳಿ ಎಂಟು ವರ್ಷ ಆಯ್ತು."

ಮಾರ್ಡೆಲ್‌ಗೆ ತಲೆಬುಡ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನ ಕೆಲಸ ಮುಗಿಸಿ, ದಪ್ಪ ಕೋಟಿನಲ್ಲೇ ಗ್ರಂಥಾಲಯಕ್ಕೆ ಬಂದು, ಆ ಲೇಖನ ಕೊಡು ಎಂದಳು. ನಾನು ವಿವರಿಸಹೋದೆ. ಕೈಯೆತ್ತಿ ತಡೆದಳು. ಕಿಟಕಿಯ ಪಕ್ಕ ಕೂತು ಮೂವತ್ತೆಂಟು ಪುಟವನ್ನೂ ಓದಿದಳು. ಗಂಡ ಬರೆದದ್ದನ್ನು ಅವಳು ಆವರೆಗೆ ಒಂದು ಸಾಲೂ ಓದಿರಲಿಲ್ಲ. ಅವನು ತೋರಿಸಿರಲೂ ಇಲ್ಲ. ಕೊನೆಯ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ಇದನ್ನ ಬರೆದದ್ದು ಯಾರು ಓರಿನ್?"

"ಮರಳು ತೆಗೆದು ಹಿಮ ಹಾಕಿ ಓದಿ ನೋಡು, ಬಿಸಿಲು ತೆಗೆದು ಚಳಿ ಹಾಕು," ಎಂದೆ.

ತುಟಿಯಲ್ಲೇ ಮತ್ತೊಮ್ಮೆ ಓದಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆರ್ವಿಡ್ ಅವಳ ಕಾಫಿ ಬಗ್ಗೆ ಆಡಿದ್ದು 'ಪರವಾಗಿಲ್ಲ' ಎಂಬ ಒಂದೇ ಮಾತಂತೆ. ಮೂಗೊರೆಸಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, ಇನ್ನೂರ ಹದಿನಾಲ್ಕನೇ ಪೆಟ್ಟಿಗೆಯ ವಿಷಯ ಲೇಖನದಲ್ಲಿ ಅಷ್ಟು ಮುಖ್ಯವೇ ಎಂದು ಕೇಳಿದಳು. ಅದೇ ಬೆನ್ನುಮೂಳೆ, ಅದರ ಓರೆ ಮೂವತ್ತೊಂದು ಡಿಗ್ರಿ, ಇಡೀ ಸಿದ್ಧಾಂತ ಅದರ ಮೇಲೆಯೇ ನಿಂತಿದೆ ಎಂದೆ. ಅವಳ ಮುಖ ಯಾಕೋ ಬಿಳುಚಿತು.

ವಿಚಾರಣೆ ಶುಕ್ರವಾರ ನಾಲ್ಕು ಗಂಟೆಗೆ, ಸಂಗೀತದ ಕೋಣೆಯಲ್ಲಿ. ಅದು ಗೋಪ್ಯ ವಿಚಾರಣೆ. ಹಾಗಾಗಿ ಅರವತ್ತು ಜನ ಮಾತ್ರ ಬಂದಿದ್ದರು. ಜಾಗ ಸಾಲದೆ ಮರ್ಲ್ ಡೋಲಿನ ಮೇಲೆ ಕೂತಿದ್ದ. ಅವನು ಕಾಲು ಬದಲಿಸಿದಾಗಲೆಲ್ಲ ಅದು ಗುಂ ಎಂದು, ಲೋವೆಲ್‌ಗೆ ಎಚ್ಚರವಾಗುತ್ತಿತ್ತು. ಆರ್ಡಿಸ್ ಮುಂದಿನ ಸಾಲಿನಲ್ಲಿ, ಬೇಸಿಗೆಯ ಹೂವಿನ ಟೋಪಿ ಹಾಕಿಕೊಂಡು.

ನಾನು ಮರಳಿನ ವಿಷಯ ಎತ್ತಿದೆ. ಡೀನ್ ಒಪ್ಪಲಿಲ್ಲ. ಪದಗಳ ಆಯ್ಕೆ ಲೇಖಕರ ಶೈಲಿಗೆ ಸೇರಿದ್ದು, ಯಂತ್ರ ತಾರೀಕು ನೋಡುತ್ತದೆ, ತಾರೀಕು ಬ್ರಾಂಟ್ಲಿಯವರ ಪರವಾಗಿದೆ ಎಂದರು. ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಎಲ್ಲರೆದುರೇ ಫ್ಲಾರಿಡಾಕ್ಕೆ ಫೋನು ಮಾಡಿ, ದನಿ ಎಲ್ಲರಿಗೂ ಕೇಳುವಂತೆ ಇಟ್ಟರು.

ಬ್ರಾಂಟ್ಲಿಯ ದನಿ ಜೇನಿನಲ್ಲಿ ಅದ್ದಿದಂತಿತ್ತು. ಲೇಖನ ನನ್ನದೇ, ಪ್ರತಿ ಅಕ್ಷರಕ್ಕೂ ಬೆವರು ಸುರಿಸಿದ್ದೇನೆ ಎಂದ. ನಿಮ್ಮಲ್ಲಿ ಜನವರಿಯಲ್ಲಿ ಮೂರಡಿ ಮರಳು ಬೀಳುತ್ತದೆಯೇ ಎಂದು ಕೇಳಿದೆ. ಕೆಲವು ವರ್ಷ ಬೀಳುವುದುಂಟು ಎಂದ. ಅದು ಕರಗುವುದು ಏಪ್ರಿಲ್‌ನಲ್ಲಿಯೇ ಎಂದೆ. ಬಿಸಿಲು ನೋಡಿಕೊಂಡು ಎಂದ. ಡೀನ್ ಪೆನ್ನು ಕೆಳಗಿಟ್ಟರು. ಕೊನೆಗೆ ಅವರೇ, ಈ ಮಾರ್ಡೆಲ್ ಯಾರು ಎಂದು ಕೇಳಿದರು.

"ನನ್ನ ಹೆಂಡ್ತಿ. ಇಲ್ಲೇ ಪಕ್ಕದಲ್ಲೇ ಕೂತಿದ್ದಾಳೆ. ನಮಸ್ಕಾರ ಹೇಳ್ತಿದ್ದಾಳೆ," ಎಂದಿತು ಫೋನು.

ಅರವತ್ತು ಜನರೂ ಮಾರ್ಡೆಲ್ ಕಡೆ ತಿರುಗಿದರು. ಅವಳು ಎದ್ದು, ಫೋನಿನ ಹತ್ತಿರ ಬಂದು, ಬಸ್ಸಿನಲ್ಲಿ ಗಲಾಟೆ ಮಾಡುವವರನ್ನು ಕೇಳುವ ದನಿಯಲ್ಲಿ ಕೇಳಿದಳು:

"ನಾನು ಮಾರ್ಡೆಲ್ ಮಾತಾಡ್ತಿರೋದು. ಇನ್ನೂರ ಹದಿನಾಲ್ಕನೇ ಪೆಟ್ಟಿಗೆ ಯಾಕೆ ಅಷ್ಟು ವಾಲಿದೆ, ಹೇಳಿ ನೋಡೋಣ."

ಹಾಳೆ ಮಗುಚುವ ಸದ್ದು ಕೇಳಿಸಿತು. ಬಿಸಿಲಿಗೆ ನೆಲ ಉಬ್ಬಿ, ಬುಡ ಸಡಿಲವಾಗಿ, ವಾಯವ್ಯದ ಗಾಳಿ ಒತ್ತಿ, ಎಂದು ಬ್ರಾಂಟ್ಲಿ ಓದತೊಡಗಿದ.

"ಅಲ್ಲ," ಎಂದಳು ಮಾರ್ಡೆಲ್. "ಅದನ್ನ ನಾನು ಗುದ್ದಿದ್ದು. ಶಾಲೆ ಬಸ್ಸಲ್ಲಿ. ಮಕ್ಕಳನ್ನೆಲ್ಲ ಇಳಿಸಿ ಬರುವಾಗ ಮಂಜುಗಡ್ಡೆ ಮೇಲೆ ಚಕ್ರ ಜಾರ್ತು. ಕಂಬಕ್ಕೆ ಹಳದಿ ಬಣ್ಣ ಹತ್ಕೊಂಡಿತ್ತು, ನಾನೇ ಚಾಕುವಲ್ಲಿ ಕೆರೆದು ತೆಗೆದೆ. ಹತ್ತು ದಿನ ಆದ್ಮೇಲೆ ಇವನು ಅಲ್ಲಿ ಅಳತೆ ತಗೊಂಡ. ಪಟ್ಟಿಯ ಇನ್ನೊಂದು ತುದಿ ಹಿಡ್ಕೊಂಡು ನಾನೇ ನಿಂತಿದ್ದೆ."

ಇಪ್ಪತ್ತೈದು ವರ್ಷ ಯಾವುದಕ್ಕೂ ತಾಗಿಸದೆ ಬಸ್ಸು ಓಡಿಸಿದ್ದಕ್ಕೆ ಜಿಲ್ಲೆಯವರು ಅವಳಿಗೆ ಒಂದು ಹಿತ್ತಾಳೆ ಫಲಕ ಕೊಟ್ಟಿದ್ದರು. ಅದನ್ನು ಕೋಟಿನ ಜೇಬಿನಿಂದ ತೆಗೆದು ಡೀನ್ ಮುಂದೆ ಇಟ್ಟಳು. ಬ್ರಾಂಟ್ಲಿ ಫೋನನ್ನು ಯಾವಾಗಲೋ ಕೆಳಗಿಟ್ಟಾಗಿತ್ತು. ಮರ್ಲ್ ಡೋಲಿನಿಂದ ಎದ್ದ, ಅದು ಗುಂ ಎಂದಿತು. ಎಚ್ಚರಗೊಂಡ ಲೋವೆಲ್ ತನ್ನ ಜೀವಮಾನದಲ್ಲೇ ಉತ್ತಮವಾದ ತೀರ್ಪು ಕೊಟ್ಟ: ಸತ್ಯವನ್ನು ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿಯಬಹುದು, ಆದರೆ ಈ ತರದ ತಪ್ಪನ್ನು ಒಬ್ಬನೇ ಮಾಡಲು ಸಾಧ್ಯ. ಈ ತಪ್ಪು ಆರ್ವಿಡ್‌ನ ಸ್ವಂತದ್ದು. ಡೀನ್ ಅದನ್ನೇ ಕಡತದಲ್ಲಿ ಬರೆದು ಮೊಹರು ಒತ್ತಿದರು. ಆರ್ಡಿಸ್ ಮಾತ್ರ ನಿಟ್ಟುಸಿರು ಬಿಟ್ಟು ಹೂವಿನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಕೆಲಸ ಉಳಿಯಿತು, ಮಾನ ಉಳಿಯಿತು. ಉಳಿಯದ್ದು ಸಿದ್ಧಾಂತ. ಜನ ಬೆನ್ನು ತಟ್ಟುತ್ತಿದ್ದರೆ ಆರ್ವಿಡ್ ಗಾಳಿಯನ್ನು ನೋಡುತ್ತ, ಮೂವತ್ತೊಂದು ಡಿಗ್ರಿ, ಮೂವತ್ತೊಂದು ಡಿಗ್ರಿ ಎನ್ನುತ್ತಿದ್ದ. ಗಂಡ ಹೆಂಡತಿ ಮನೆಗೆ ಹೋದರು. ಎರಡು ದಿನ ಆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಾರ್ಡೆಲ್ ಕಾಫಿ ತಂದಿಟ್ಟಳಂತೆ. ಆರ್ವಿಡ್ ಕುಡಿದು, ಲೋಟ ಕೆಳಗಿಟ್ಟು, "ಚೆನ್ನಾಗಿದೆ" ಎಂದನಂತೆ. ಇದನ್ನು ಹೇಳುವಾಗ ಅವಳು ಬೇಲಿಯ ಮೇಲಿನ ಹಿಮವನ್ನು ಕಾರಣವಿಲ್ಲದೆ ಕೆಡವುತ್ತಿದ್ದಳು.

ಅದೇ ದಿನ ಪಾದ್ರಿಗಳು ಆರ್ವಿಡ್‌ಗೆ ಫೋನು ಮಾಡಿದರು. ಎಂಬತ್ತೆಂಟನೇ ಪೆಟ್ಟಿಗೆ ನೀಲಿ ಬಾಗಿಲ ಮನೆಯದೇ ಎಂದು ವಿಚಾರಿಸಿದರು. ಹೌದೆಂದಾಗ ಗಂಟಲು ಸರಿಪಡಿಸಿಕೊಂಡು, ನಾಲ್ಕು ವರ್ಷದ ಹಿಂದೆ ಕ್ರಿಸ್‌ಮಸ್ ಹಾಡು ಗುನುಗುತ್ತ ಕಾರು ಹಿಂದಕ್ಕೆ ತೆಗೆದದ್ದನ್ನು ಹೇಳಿಕೊಂಡರು. ಮಾರ್ಡೆಲ್ ಒಬ್ಬಳು ಒಪ್ಪಿಕೊಂಡದ್ದು ಊರಿನ ಎದೆಯ ಬೀಗವನ್ನೇ ತೆಗೆದಂತಾಗಿತ್ತು. ಡೊರೀನ್ ಎರಡು ಪೆಟ್ಟಿಗೆ ಒಪ್ಪಿಕೊಂಡಳು. ವಾರಪತ್ರಿಕೆಯ ಸಂಪಾದಕರು ಒಂದು. ಡೀನ್ ಮೇಡಂ ಕಚೇರಿಯ ಬಾಗಿಲು ಹಾಕಿಕೊಂಡು, ಮುನ್ನೂರ ಆರನೆಯದು ತಮ್ಮದೆಂದೂ ಹೆಸರು ಬೇಡವೆಂದೂ ಹೇಳಿದರು. ಎಲ್ಲರೂ ಮರ್ಲ್‌ನನ್ನು ಬೈದವರೇ. ಮರ್ಲ್ ಈಗ ಆರ್ವಿಡ್‌ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಪ್ರತಿಯೊಬ್ಬರನ್ನೂ, ಎಡಗಡೆಯಿಂದ ಗುದ್ದಿದ್ದೋ ಬಲಗಡೆಯಿಂದಲೋ, ಬ್ರೇಕು ಒತ್ತಿದ್ದಿರೋ ಇಲ್ಲವೋ ಎಂದು ಬಿಡದೆ ಕೇಳುತ್ತಿದ್ದ. ಮೂವತ್ತು ವರ್ಷದ ಬಾಕಿಯನ್ನು ಅವನು ಸಾವಕಾಶವಾಗಿ ವಸೂಲು ಮಾಡಿಕೊಂಡ. ಮಾರ್ಚ್ ಮುಗಿಯುವಾಗ ನೂರ ಎಪ್ಪತ್ತಾರು ಒಪ್ಪಿಗೆಗಳು ಆರ್ವಿಡ್‌ನ ಹೊಸ ಪುಸ್ತಕದಲ್ಲಿದ್ದವು. ಫ್ಲಾರಿಡಾದ ಲೇಖನವನ್ನು ಅದನ್ನು ಪ್ರಕಟಿಸಿದ್ದ ಪತ್ರಿಕೆಯವರು ಹಿಂತೆಗೆದುಕೊಂಡರು. ಡೀನ್, ಹೊಸ ಲೇಖನ ಬರಲಿ, ಪದವಿಯ ಮಾತು ಆಡೋಣ ಎಂದರು. ಲೋಕದಲ್ಲಿ ಯಾರ ಬಳಿಯೂ ಇಲ್ಲದ ಸಾಮಗ್ರಿ ಈಗ ಅವನ ಕೈಯಲ್ಲಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ನಾವು ಕಾಫಿ ಅಂಗಡಿಯಲ್ಲಿದ್ದಾಗ ಮುದುಕ ಹ್ಯಾಲ್ವರ್ ಬಂದ. ಇನ್ನೂರ ಹದಿನಾಲ್ಕನೇ ಪೆಟ್ಟಿಗೆಯ ಮಾಲಕ, ಎಂಬತ್ತಾರು ವರ್ಷ, ವರ್ಷಕ್ಕೆ ಹನ್ನೆರಡು ವಾಕ್ಯ ಆಡುವವನು. ಕೂತು, ಒಂದು ಸಿಹಿ ಬನ್ನು ತಿಂದು ಮುಗಿಸಿ, ಮಾರ್ಡೆಲ್ ಕಡೆ ತಿರುಗಿದ.

"ಆ ಕಂಬ ನೀನು ಬರೋದಕ್ಕೆ ಮುಂಚೆನೇ ಓರೆಯಾಗಿತ್ತಮ್ಮ. ಅದರ ಹಿಂದಿನ ವರ್ಷ ಗೊಬ್ಬರದ ಗಾಡಿ ತಿರುಗಿಸುವಾಗ ನಾನೇ ಗುದ್ದಿದ್ದೆ. ನಿಂದೇನೂ ದೊಡ್ಡದಲ್ಲ. ಸುಮ್ಮನೆ ಫಲಕ ವಾಪಸ್ ಕೊಟ್ಟೆ."

ಮಾರ್ಡೆಲ್‌ಗೆ ಸಮಾಧಾನವಾದೀತೆಂದು ಎಲ್ಲರೂ ಎಣಿಸಿದ್ದೆವು. ಅವಳು ಲೋಟ ಕುಕ್ಕಿದಳು. ಅರವತ್ತು ಜನರ ಎದುರು ನಿಂತು ಒಪ್ಪಿಕೊಂಡ ಗುದ್ದು ಅದು, ಈಗ ಬಂದು ತನ್ನದೆನ್ನಲು ಇವರು ಯಾರು ಎಂದು ಕೇಳಿದಳು. ಹ್ಯಾಲ್ವರ್ ತನ್ನ ಗಾಡಿಯ ತೂಕ ಹೇಳಿದ. ಅವಳು ಬಸ್ಸಿನ ತೂಕ ಹೇಳಿದಳು. ಮುದುಕ ಹದಿನೈದು ಡಿಗ್ರಿ ಕೇಳಿದ, ಅವಳು ಏಳಕ್ಕಿಂತ ಒಂದೂ ಹೆಚ್ಚು ಕೊಡುವುದಿಲ್ಲ ಎಂದಳು. ಮರ್ಲ್ ಮಧ್ಯಸ್ಥಿಕೆ ವಹಿಸಿ ಉಪ್ಪಿನ ಡಬ್ಬಿಯನ್ನು ಬಸ್ಸಾಗಿಯೂ ಮೆಣಸಿನ ಡಬ್ಬಿಯನ್ನು ಗಾಡಿಯಾಗಿಯೂ ಮಾಡಿ ಮುಕ್ಕಾಲು ಗಂಟೆ ಲೆಕ್ಕ ಹಾಕಿದ. ಕೊನೆಗೆ ಹ್ಯಾಲ್ವರ್‌ಗೆ ಒಂಬತ್ತು, ಮಾರ್ಡೆಲ್‌ಗೆ ಹತ್ತೊಂಬತ್ತು ಎಂದು ತೀರ್ಮಾನವಾಯಿತು. ಇಬ್ಬರೂ ಕೈ ಕುಲುಕಿದರು.

ಆರ್ವಿಡ್ ಪೆನ್ಸಿಲ್ ಹಿಡಿದು ಕೂಡುತ್ತಿದ್ದ. ಮತ್ತೊಮ್ಮೆ ಕೂಡಿದ.

"ಇಪ್ಪತ್ತೆಂಟೇ ಆಗುತ್ತೆ. ಇನ್ನು ಮೂರು ಡಿಗ್ರಿ ಯಾರದು?"

ಹ್ಯಾಲ್ವರ್ ತಲೆಯಾಡಿಸಿದ. ಮರ್ಲ್ ಎರಡೂ ಕೈಯೆತ್ತಿ, ತನ್ನ ಲಾರಿ ಆ ಕಡೆಯೇ ಹೋಗಿಲ್ಲ ಎಂದ. ಅಂಗಡಿಯಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿದ್ದಾಯಿತು. ಯಾರೂ ಒಪ್ಪಿಕೊಳ್ಳಲಿಲ್ಲ.

"ಹಾಗಾದ್ರೆ," ಎಂದ ಆರ್ವಿಡ್, ದನಿ ಏಳದೆ, "ಆ ಮೂರು ಹಿಮದ್ದು. ಹಿಮದ್ದು, ಗಾಳಿದು."

ಒಂದೊಂದು ಡಿಗ್ರಿಗೂ ಮುಕ್ಕಾಲು ಗಂಟೆ ಜಗಳವಾಡಿದ್ದ ಮಾರ್ಡೆಲ್, ಮೇಜಿನ ಮೇಲಿದ್ದ ಪುಸ್ತಕವನ್ನು ಅವನ ಕಡೆ ಸರಿಸಿದಳು.

"ಬರ್ಕೋ," ಎಂದಳು.